ಕಾಗದದಷ್ಟು ಸಂದು

ಆಳಿನ ಎತ್ತರ ನೋಡಿ ಮೇಳಿ ಕೂಡಿಸ್ತೀನಿ,
ಬಗ್ಗಿ ಹೂಡಾಂವಗ ಒಂದು, ಸೆಟದು ನಡ್ಯಾಂವಗ ಒಂದು.
ಆದ್ರ ಗಲ್ಲದ ಅಳತಿ
ಸುರಪುರದಾಗ ನನ್ನ ಯಾರೂ ಕೇಳಿದ್ದಿಲ್ಲ.

ಹುಸೇನಮ್ಮ ಬಂದ್ಲು, ರಂಗಂಪೇಟಿ ಸಾಲಿ ಪಿ.ಟಿ. ಟೀಚರು,
ಹೆಗಲಿಗೆ ಉದ್ದನ ಕ್ಯಾನ್ವಾಸ್ ಚೀಲ.
ಚೀಲದ ಮ್ಯಾಲ ಲೈಸನ್ಸಿನ ಪುಸ್ತಕ ಇಟ್ಟು
"ಮೊದಲು ಇದು ನೋಡ್ರಿ ಬಡಿಗೇರ್ರ, ಆಮ್ಯಾಲ ಅದು."
ಎಡಚಿ ಆಕಿ.
ಅಂಗಡ್ಯಾಗ ಸಿಗೂ ಕುಂದಾ ಎಲ್ಲಾ ಬಲಗೈಯವರಿಗಂತ ಹುಟ್ಟಿದ್ವು,
ದವಡಿ ಅದಕ್ಕ ಹೊಂದಿಸಿ ಹೊಂದಿಸಿ
ನಾಕು ವರ್ಷ ಕುತಿಗಿ ಹಿಡಕೊಂಡಿತ್ತು.

ದಾರ ಹಿಡದು ಅಳದೆ.
ಭುಜದ ಗುಣಿಯಿಂದ ಬೆರಳಿನ ಗೆಣ್ಣಿನ ತನಕ,
ಕಣ್ಣಿನಿಂದ ಗಲ್ಲದ ಎಲುಬಿನ ತನಕ,
ಉಸಿರು ಹಿಡದಾಗ ಒಂದು ಸಲ, ಬಿಟ್ಟಾಗ ಒಂದು ಸಲ.
ಎರಡೂ ಕೂಡಿ ಬರಲಿಲ್ಲ.
"ಬಿಟ್ಟಾಗಿಂದು ಬರಕೊಳ್ರಿ" ಅಂದ್ಲು.

ಮರ ಅಂದ್ರ, ನಮ್ಮಪ್ಪ ಅಟ್ಟದ ಮ್ಯಾಲ ಇಟ್ಟ ಬೀಟಿ ತೊಲಿ.
ಯಾರ ಬಾಗಿಲಕ್ಕೂ ಕೊಡಬ್ಯಾಡ ಅಂದಿದ್ದ,
ಯಾಕಂತ ಹೇಳದ ಸತ್ತ.
ನಲವತ್ತು ಬ್ಯಾಸಿಗಿ ತಿಂದು ಒಣಗಿ
ಬೆರಳಲೆ ಬಡದ್ರ ಗಂಟಿಹಂಗ ಅಂತಿತ್ತು.

ಉಳಿ, ಅರ, ಗಾಜಿನ ಚೂರು,
ಆಮ್ಯಾಲ ಅಂಗೈಲೆ ತಿಕ್ಕಿದ ಅಗಸಿ ಎಣ್ಣಿ.
ಹದಿನೆಂಟು ದಿನ ಊರಿನ ಕುಂಟಿ, ಕೂರಗಿ
ಬಾಗಿಲ ಹೊರಗ ನಿಂತು ನನ್ನ ಬೈದವು.

ನಾ ಕಲತದ್ದು ಒಂದ: ಸಂದು ಬಿಡಬಾರದು.
ನಾ ಕೂಡಿಸಿದ ಚೌಕಟ್ಟಿನಾಗ
ಇರುವಿ ದಾರಿ ಹುಡುಕಿ ತಿರುಗಿ ಹೋಗತಾವ.
ಈಕಿ ಹೇಳತಾಳ, ನಳಿಗಿಗೆ ಮರ ತಾಗಬಾರದು.
ಹಿಂದ ಬಿಗಿ ಹಿಡೀಬೇಕು, ಮುಂದ ಕೈ ಬಿಡಬೇಕು.
ಗುಂಡು ಹೊಂಟಾಗ ಕಬ್ಬಿಣ ನಡುಗತದಂತ,
ಪ್ರತಿ ಸಲ ಒಂದ ನಮೂನಿ ನಡುಗಬೇಕಂತ,
ನಡುಗಾಕ ಜಾಗ ಬೇಕಂತ.
"ಎಷ್ಟು?"
"ಒಂದು ಕಾಗದದಷ್ಟು."

ಕ್ಯಾಲೆಂಡರಿನ ಹ್ವಾದ ತಿಂಗಳು ಹರದೆ.
ಮರ ಮತ್ತ ನಳಿಗಿ ನಡುವ
ತುದಿಯಿಂದ ಬುಡದ ತನಕ ಸರದು ಬಂತು,
ಹುಣ್ಣಿವಿ, ಅಮಾಸಿ, ಎರಡನೇ ಶನಿವಾರ,
ಯಾವುದೂ ಎಲ್ಲೂ ಸಿಗಬೀಳಲಿಲ್ಲ.

ದೇವಿಂದ್ರಗೌಡ್ರು ಚಾ ಹಿಡಕೊಂಡು ಬಂದ್ರು.
"ತೊಗರಿಯಾಗ ಹಂದಿ ಬೀಳತಾವ.
ಇದು ಎಷ್ಟು ದೂರದ ಹಂದಿ ಹೊಡಿತದ?"
"ಹಂದಿ ಹೊಡ್ಯಂಗಿಲ್ರಿ, ಕಾಗದ ಹೊಡಿತದ."
ಗೌಡ್ರು ಮರ ನೋಡಿದ್ರು, ನನ್ನ ನೋಡಿದ್ರು,
ಬಸಿಯಾಗಿನ ಚಾ ಊದಿ ಕುಡದು
"ಕಾಗದಕ್ಕ ಇಷ್ಟು ದಗದಾ?" ಅಂದು ಹೋದ್ರು.

ಗುಡ್ಡದ ಹಿಂದ ಪೊಲೀಸರ ಚಾಂದಮಾರಿ. ಮುನ್ನೂರು ಮೀಟರು.
ರಾತ್ರಿ ಎರಡು ತಾಸು ಅಡ್ಡಮಳಿ ಹೊಡದಿತ್ತು,
ಹತ್ತು ಗಂಟೇಕ ಬಂಡಿಗಲ್ಲು ಮತ್ತ ಕಾಯಾಕ ಹತ್ತಿದ್ವು.
ದುರ್ಬೀನಿನಾಗ ನನಗ ಕಂಡದ್ದು ಬರೇ ನೀರು,
ನೀರಿಲ್ಲದ ನೀರು.
"ಅದು ಬಿಸಿಲುಗುದುರಿ. ಯಾವ ಕಡಿ ಓಡತದ ನೋಡ್ರಿ,
ಗಾಳಿ ಆ ಕಡಿ."
ಹೊಟ್ಟಿ ಮ್ಯಾಲ ಮಲಗಿ, ಎಡಗಲ್ಲ ಬೀಟಿಗಿ ಕೊಟ್ಟು,
ಕುದುರಿ ನಿಂದ್ರೂತನ ಕಾದ್ಲು.

ನಾಕು ತೂತು ಒಂದು ನಿಂಬಿಹಣ್ಣಿನಡಿ ಮುಚ್ಚಿಹೋಗತಿದ್ವು.
ಐದನೇದು ಮೂರು ಬೆರಳು ಮ್ಯಾಲ.
"ನಂದ ತಪ್ಪು. ಉಸಿರು ಹಿಡದೆ" ಅಂದ್ಲು,
ಎದ್ದು ಮೊಣಕೈ ಧೂಳ ಝಾಡಿಸಿದ್ಲು.

ಕಿಸೆದಾಗ ಹ್ವಾದ ತಿಂಗಳು ಇತ್ತು.
ತಗದು, ಸುಮ್ಮನ, ತುದಿಗಿ ತೂರಿಸಿದೆ.
ನಾಕು ಬೆರಳು ಹೋಗಿ ನಿಂತಿತು.
ಒಳಮೈಗೆ, ಕಣ್ಣಿಗೆ ಕಾಣದ ಕಡಿ,
ಎಣ್ಣಿ ಹಚ್ಚೂದು ಬಿಟ್ಟಿದ್ದೆ.
ಕಡದು ಇಷ್ಟು ವರ್ಷ ಆತು,
ಮರ ಇನ್ನೂ ನೀರು ಕುಡಿತದ.

ಆಕಿ ಖಾಲಿ ಕಾರತೂಸು ಆರಸಾಕ ಹತ್ತಿದ್ಲು,
ಬೆನ್ನು ನನ್ನ ಕಡಿ.
ಕಾಗದ ಮಡಚಿ ಕಿಸೆದಾಗ ಇಡಬಹುದಿತ್ತು.

"ಹುಸೇನಮ್ಮ,
ಐದನೇದು ನಂದು."